ಅಂಗಳದ ಅತ್ತಿ, ಕಿಟಕಿಯ ಹುಳ, ಕುಂಡದ ಅಂಜೂರ

ಪ್ರಶ್ನೆ: ನಾವು ಬೆಳಗಾವಿ ಕಡೆಯ ಜೈನರು, ಪುಣೆಗೆ ಬಂದು ಹದಿನಾಲ್ಕು ವರ್ಷ ಆಯಿತು. ಸಿಂಹಗಡ ರಸ್ತೆಯ ನಮ್ಮ ಸೊಸೈಟಿಯಲ್ಲಿ ಪಾರ್ಕಿಂಗ್ ಪಕ್ಕಕ್ಕೆ ದೊಡ್ಡ ಅತ್ತಿ ಮರ ಇದೆ, ಇಲ್ಲಿಯವರು ಉಂಬರ್ ಅನ್ನುತ್ತಾರೆ. ವರ್ಷಕ್ಕೆ ಮೂರ್ನಾಲ್ಕು ಸಲ ಬುಡದಿಂದ ಕೊಂಬೆಯತನಕ ಕಾಯಿ ಹಿಡಿಯುತ್ತದೆ. ಆಮೇಲೆ ಒಂದು ವಾರ ಬೆಳಿಗ್ಗೆ ಕಿಟಕಿ ಗಾಜು, ಡೈನಿಂಗ್ ಟೇಬಲ್, ಎಲ್ಲಾ ಕಡೆ ಎಳ್ಳಿಗಿಂತ ಸಣ್ಣ ಕಪ್ಪು ಹುಳ. ಅದು ಮುಗಿಯಿತು ಅನ್ನುವಷ್ಟರಲ್ಲಿ ಕಾರಿನ ಮೇಲೆ ಕೊಳೆತ ಹಣ್ಣು. ಕಮಿಟಿಯ ಒಂದು ಗುಂಪು ಕಾಂಡಕ್ಕೆ ಔಷಧದ ಇಂಜೆಕ್ಷನ್ ಹಾಕಿಸೋಣ ಅನ್ನುತ್ತದೆ, ಇನ್ನೊಂದು ಕಡಿಸೋಣ ಅನ್ನುತ್ತದೆ, ಎರಡನೇ ಮಹಡಿಯ ದತ್ತಭಕ್ತರು ಔದುಂಬರಕ್ಕೆ ಕೈ ಹಚ್ಚಿದರೆ ನೋಡ್ರಿ ಅನ್ನುತ್ತಾರೆ. ಗೇಟಿನ ಹತ್ತಿರದ ಸಪ್ತಪರ್ಣಿಯ ಎಲೆ ತುಂಬ ಗುಳ್ಳೆ ಎದ್ದಿವೆ, ಅದೂ ಈ ಹುಳದ್ದೇ ಕೆಲಸವೇ? ಮನೆಯಲ್ಲಿ ಬೇರೆ ತಕರಾರು: ನಮ್ಮ ಅತ್ತೆಯವರು ಅತ್ತಿಯ ಜಾತಿ ಅಂತ ಅಂಜೂರವನ್ನೂ ಒಳಗೆ ಬಿಡುವುದಿಲ್ಲ. ನಾನು ಬಾಲ್ಕನಿಯಲ್ಲಿ ಇಟ್ಟ ಅಂಜೂರದ ಕುಂಡದಲ್ಲಿ ಕಾಯಿ ನೆಲ್ಲಿಕಾಯಿ ಗಾತ್ರಕ್ಕೆ ಬಂದು ಉದುರುತ್ತದೆ. ನರ್ಸರಿಯವನು ‘ಗಂಡು ಗಿಡ’ ತೊಗೊಳ್ಳಿ ಅಂದ. ವಾಟ್ಸ್ಆ್ಯಪ್‌ನಲ್ಲಿ ಯಾರೋ ಉಂಬರ್ ಕಾಯಿಯ ಹಾರ ಮಾಡಿ ಅಂಜೂರಕ್ಕೆ ಕಟ್ಟಿ ಅಂದಿದ್ದಾರೆ. ಏನು ಮಾಡಲಿ?

ಉತ್ತರ: ನೀವು ಒಂದೇ ತೊಂದರೆ ಎಂದು ಬರೆದಿದ್ದರಲ್ಲಿ ಮೂರು ಬೇರೆ ಬೇರೆ ಸಂಗತಿಗಳಿವೆ. ಅತ್ತಿಯ ಹುಳ ಒಂದು, ಸಪ್ತಪರ್ಣಿಯ ಗುಳ್ಳೆ ಇನ್ನೊಂದು, ಕುಂಡದ ಅಂಜೂರ ಮತ್ತೊಂದು. ಒಂದರ ಹುಳ ಇನ್ನೊಂದಕ್ಕೆ ದಾಟುವುದಿಲ್ಲ. ಇಂಜೆಕ್ಷನ್ನಿನ ಮಾತು ಎದ್ದಿರುವುದರಿಂದ ಅತ್ತಿಯಿಂದಲೇ ಶುರು ಮಾಡುತ್ತೇನೆ.

ನಿಮ್ಮ ಕಿಟಕಿಗೆ ಬರುವುದು ಅತ್ತಿಯ ಕಣಜ, ಸೆರಟೊಸೋಲೆನ್ ಫುಸಿಸೆಪ್ಸ್. ಉದ್ದ ಸುಮಾರು 2 ಮಿ.ಮೀ. ಕಣಜ ಎಂದ ಕೂಡಲೇ ಕಡಜೀರಿಗೆಯನ್ನು ನೆನೆದು ಹೆದರಬೇಡಿ. ಇದು ಮನುಷ್ಯರನ್ನು ಚುಚ್ಚುವುದಿಲ್ಲ, ಅನ್ನದ ಮೇಲೆ ಕೂತು ತಿನ್ನುವುದಿಲ್ಲ, ರೋಗ ತರುವುದಿಲ್ಲ, ಮನೆಯಲ್ಲಿ ಮೊಟ್ಟೆ ಇಡುವುದಿಲ್ಲ. ಹೊರಬಂದ ಹೆಣ್ಣಿನ ಆಯುಷ್ಯ ಒಂದೆರಡು ದಿನ. ಅಷ್ಟರೊಳಗೆ ಅದು ಹೂ ಬಿಟ್ಟಿರುವ ಇನ್ನೊಂದು ಅತ್ತಿ ಮರವನ್ನು ಹುಡುಕಬೇಕು. ನಿಮ್ಮ ಗಾಜಿನ ಮೇಲೆ ಕಾಣುವುದು ದಾರಿ ತಪ್ಪಿದವು.

ಹೂ ಎಂದೆ. ಅತ್ತಿ, ಆಲ, ಅರಳಿ, ಬಸರಿ ಹೂವಿಲ್ಲದೆ ಹಣ್ಣು ಬಿಡುತ್ತವೆಂದು ಹಿಂದಿನವರು ಇಂಥ ಮರಗಳಿಗೆ ‘ವನಸ್ಪತಿ’ ಎಂದೇ ಹೆಸರಿಟ್ಟಿದ್ದರು. ಹೂ ಇದೆ, ಆದರೆ ಒಳಗಿದೆ. ನೀವು ಕಾಯಿ ಎನ್ನುವುದು ಸಾವಿರಾರು ಸಣ್ಣ ಹೂಗಳನ್ನು ಒಳಮುಖವಾಗಿ ಮಡಚಿಟ್ಟ ಚೀಲ. ಚೀಲದ ತುದಿಯಲ್ಲಿ ಒಂದೇ ಬಾಯಿ, ಅದರಲ್ಲೂ ಒಂದರ ಮೇಲೊಂದು ಹೊದಿಸಿದ ಪೊರೆಗಳು. ಕಣಜ ಬಿಟ್ಟು ಬೇರೆ ಯಾವ ಪರಾಗವಾಹಕವೂ ಒಳಗೆ ಹೋಗಲಾರದು.

ಮುಂದಿನ ಸಲ ಕಾಯಿ ಕಟ್ಟಿದಾಗ ವಾರಕ್ಕೊಮ್ಮೆ ಐದು ಕಾಯಿ ಕಿತ್ತು ಉದ್ದಕ್ಕೆ ಸೀಳಿ ನೋಡಿ. ಹರಿತವಾದ ಚಾಕು, ಬಿಳಿ ತಟ್ಟೆ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಸಾಕು. ಮೊದಲ ವಾರಗಳಲ್ಲಿ ಕಾಯಿ ಗಟ್ಟಿ, ಬಾಯಿ ಬಿಗಿ, ಒಳಗೆ ಬಿಳಿ ಎಳೆ ಹೂಗಳು, ಹುಳ ಇಲ್ಲ. ಆಮೇಲೆ ಬಾಯಿಯ ಪೊರೆಗಳು ತುಸು ಸಡಿಲುತ್ತವೆ, ಕಾಯಿ ವಾಸನೆ ಬಿಟ್ಟು ಕಣಜವನ್ನು ಕರೆಯುತ್ತದೆ. ಈಗ ಬಾಯಿಯ ಹತ್ತಿರವೇ ಭೂತಗನ್ನಡಿ ಹಿಡಿಯಿರಿ. ಪೊರೆಗಳ ಸಂದಿನಲ್ಲಿ ಗಾಜಿನ ಚೂರಿನಂಥ ಪಾರದರ್ಶಕ ರೆಕ್ಕೆಗಳು ಸಿಕ್ಕಿಕೊಂಡಿರುತ್ತವೆ. ಒಳಗೆ ತೂರುವಾಗ ಹೆಣ್ಣಿನ ರೆಕ್ಕೆ ಕಿತ್ತುಹೋಗುತ್ತದೆ, ಮೀಸೆಯ ತುದಿಯೂ ಮುರಿಯುತ್ತದೆ. ಅದು ಮತ್ತೆ ಹೊರಬರುವುದಿಲ್ಲ.

ಎದೆಯ ಎರಡು ಚೀಲಗಳಲ್ಲಿ ಪರಾಗ ತುಂಬಿಕೊಂಡೇ ಅದು ಬಂದಿರುತ್ತದೆ. ಮುಂಗಾಲಿನಿಂದ ಪರಾಗ ತೆಗೆದು ಹೂಗಳ ತುದಿಗೆ ಉಜ್ಜುತ್ತದೆ. ಜೊತೆಯಲ್ಲೇ ಹೂವಿನ ಶಲಾಕೆಯೊಳಗೆ, ಅಂದರೆ ಅಂಡಾಶಯದ ಮೇಲಿನ ಸಣ್ಣ ಕೊಳವೆಯೊಳಗೆ, ಸೂಜಿಯಂಥ ಅಂಗವನ್ನು ಇಳಿಸಿ ಅಂಡಾಶಯದಲ್ಲಿ ಮೊಟ್ಟೆ ಇಡುತ್ತದೆ, ಒಂದು ಹನಿ ರಸವನ್ನೂ ಬಿಡುತ್ತದೆ. ಆ ಹೂ ಬೀಜವಾಗುವುದಿಲ್ಲ, ಉಬ್ಬಿ ಗಂಟಾಗುತ್ತದೆ. ಗಂಟಿನೊಳಗಿನ ಮರಿ ಅಲ್ಲಿಯ ತಿರುಳನ್ನೇ ತಿಂದು ಬೆಳೆಯುತ್ತದೆ. ಮೊಟ್ಟೆ ಬೀಳದೆ ಪರಾಗ ಮಾತ್ರ ಸಿಕ್ಕ ಹೂ ಬೀಜವಾಗುತ್ತದೆ. ಮರಕ್ಕೆ ಪರಾಗ ಹೊರುವವರು ಬೇಕು, ಅದಕ್ಕೆ ಕೂಲಿಯಾಗಿ ಒಂದಷ್ಟು ಹೂ ಬಿಟ್ಟುಕೊಡುತ್ತದೆ. ಗಿಡ್ಡ ಶಲಾಕೆಯ ಹೂಗಳಲ್ಲಿ ಗಂಟು ಹೆಚ್ಚು, ಉದ್ದ ಶಲಾಕೆಯವುಗಳಲ್ಲಿ ಬೀಜ ಹೆಚ್ಚು. ಉದ್ದದವಕ್ಕೆ ಸೂಜಿ ತಲುಪುವುದೇ ಇಲ್ಲ ಎಂಬ ಹಳೆಯ ವಿವರಣೆ ಮಾತ್ರ ಪೂರ್ತಿ ನಿಲ್ಲುವುದಿಲ್ಲ. ಅಳೆದು ನೋಡಿದರೆ ಬಹಳಷ್ಟು ಹೂಗಳಿಗೆ ತಲುಪುವಷ್ಟು ಉದ್ದ ಅದಕ್ಕಿರುತ್ತದೆ.

ಅಲ್ಲಿಂದ ಒಂದು, ಒಂದೂವರೆ ತಿಂಗಳು ಕಾಯಿ ಸುಮ್ಮನಿರುತ್ತದೆ, ಚಳಿಗಾಲದಲ್ಲಿ ಇನ್ನೂ ತಡ. ಕೊನೆಗೆ ರೆಕ್ಕೆಯಿಲ್ಲದ ಗಂಡುಗಳು ಮೊದಲು ಗಂಟು ಕೊರೆದು ಬಂದು, ಇನ್ನೂ ಗಂಟಿನೊಳಗೇ ಇರುವ ಹೆಣ್ಣುಗಳನ್ನು ಕೂಡುತ್ತವೆ. ಆಮೇಲೆ ಕಾಯಿಯ ಗೋಡೆಗೆ ತೂತು ಕೊರೆದು ಸಾಯುತ್ತವೆ. ಅಷ್ಟರಲ್ಲಿ ಒಳಗಿನ ಗಂಡು ಹೂಗಳು ಮಾಗಿರುತ್ತವೆ. ಹೆಣ್ಣುಗಳು ಅವುಗಳ ಪರಾಗ ತುಂಬಿಕೊಂಡು ಆ ತೂತಿನಿಂದ ಹೊರಡುತ್ತವೆ. ಆ ದಿನ ಸೀಳಿದರೆ ತಟ್ಟೆಯ ತುಂಬ ಕಪ್ಪು ಹೆಣ್ಣುಗಳು ಎದ್ದೇಳುತ್ತವೆ. ಜೇನುಬಣ್ಣದ, ಬಾಗಿದ ಮೈಯ ಗಂಡುಗಳು ಅಲ್ಲೇ ತೆವಳುತ್ತಿರುತ್ತವೆ. ಸೂಜಿಯಿಂದ ಒತ್ತಿದರೆ ಬೀಜ ಗಟ್ಟಿ, ಗಂಟು ಟೊಳ್ಳು, ಗಂಟಿನಲ್ಲಿ ದುಂಡನೆಯ ತೂತು.

ಹುಳ ಹೊರಟ ಮೇಲೆ ಕಾಯಿ ಕೆಂಪಾಗಿ ಮೆತ್ತಗಾಗುತ್ತದೆ. ಅಂದರೆ ಕಿಟಕಿಗೆ ಹುಳ ಬರುವ ವಾರ ಮತ್ತು ಕಾರಿನ ಮೇಲೆ ಹಣ್ಣು ಬೀಳುವ ವಾರ ಒಂದಾದ ಮೇಲೊಂದು. ಒಂದೇ ಮರದ ಕಾಯಿಗಳು ಹೆಚ್ಚುಕಡಿಮೆ ಒಟ್ಟಿಗೆ ಮಾಗುವುದರಿಂದ ಹುಳದ ಕಾಟ ಸಾಮಾನ್ಯವಾಗಿ ವಾರದಿಂದ ಹತ್ತು ದಿನ. ಕಮಿಟಿ ಒಂದು ಬೆಳೆಯ ಈ ಲೆಕ್ಕ ಬರೆದಿಟ್ಟುಕೊಂಡರೆ ಮುಂದಿನದಕ್ಕೆ ದಿನ ಮೊದಲೇ ಹೇಳಬಹುದು. ಔಷಧಕ್ಕಿಂತ ಈ ಪಟ್ಟಿಯ ಮೇಲೆಯೇ ನನಗೆ ನಂಬಿಕೆ ಹೆಚ್ಚು.

ಕಾಯಿಯ ಹೊರಗೆ ಕೂತು ಬಾಲದಂಥ ಉದ್ದ ಸೂಜಿಯನ್ನು ಸಿಪ್ಪೆಗೆ ಚುಚ್ಚುತ್ತಿರುವ ಬೇರೆ ಕಣಜಗಳೂ ನಿಮಗೆ ಕಾಣಬಹುದು. ಇವು ಪರಾಗ ಹೊರುವುದಿಲ್ಲ. ಕೆಲವು ಹೊರಗಿನಿಂದಲೇ ಹೂವಿನಲ್ಲಿ ಮೊಟ್ಟೆಯಿಟ್ಟು ಗಂಟು ಮಾಡುವ ಬಿಟ್ಟಿ ಊಟದವು, ಕೆಲವು ಮೊದಲೇ ಇರುವ ಮರಿಗಳನ್ನು ತಿನ್ನುವ ಪರಾವಲಂಬಿಗಳು. ಅತ್ತಿಯ ಮೇಲಿನ ಅಪೊಕ್ರಿಪ್ಟಾ ಎಂಬ ಪರಾವಲಂಬಿಯ ಸೂಜಿಯ ತುದಿಯಲ್ಲಿ ಸತು ಸೇರಿದ ಹಲ್ಲುಗಳಿರುವುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 2014ರಲ್ಲಿ ತೋರಿಸಿದರು. ಗಟ್ಟಿ ಕಾಯಿ ಕೊರೆಯಲು ಮೊನೆ ಕಟ್ಟಿದ ಸೂಜಿ. ಮರದಲ್ಲಿ ಇರುವೆಗಳಿದ್ದರೆ, ಅದರಲ್ಲೂ ಎಲೆ ಹೊಲಿದು ಗೂಡು ಕಟ್ಟುವ ಕೆಂಪು ಚಗಳಿ ಇದ್ದರೆ, ಹೀಗೆ ಹೊರಗೆ ಕೂರುವ ಕಣಜಗಳನ್ನು ಅವು ಚೆನ್ನಾಗಿ ಹಿಡಿಯುತ್ತವೆ. ಇರುವೆಗೆ ಪುಡಿ ಹೊಡೆಸಬೇಡಿ.

ಈಗ ಇಂಜೆಕ್ಷನ್. ಕಾಂಡಕ್ಕೆ ತೂತು ಕೊರೆದು ಇಮಿಡಾಕ್ಲೋಪ್ರಿಡ್‌ನಂಥ ಅಂತರ್ವ್ಯಾಪಿ ಕೀಟನಾಶಕ ತುಂಬುತ್ತಾರೆ, ಅದು ರಸದ ಜೊತೆ ಮೇಲೇರುತ್ತದೆ. ಮೂರು ಕಾರಣಕ್ಕೆ ನಾನಿದಕ್ಕೆ ಬೇಡ ಎನ್ನುತ್ತೇನೆ. ಒಂದು, ವಿಷ ಕಾಯಿಗೂ ಹೋದರೆ ಅದನ್ನು ತಿನ್ನುವುದು ಕೋಗಿಲೆ, ಕುಟ್ರಹಕ್ಕಿ, ಮಂಗಟ್ಟೆ, ಬಾವಲಿ, ಕೆಳಗೆ ಆಡುವ ಮಕ್ಕಳು ಕೂಡ. ಎರಡು, ಕಣಜ ಸತ್ತು ಪರಾಗಸ್ಪರ್ಶವಾಗದಿದ್ದರೆ ಆ ಕಾಯಿಗಳಲ್ಲಿ ಹೆಚ್ಚಿನವು ಹಸಿರಾಗಿರುವಾಗಲೇ ಉದುರುತ್ತವೆ. ಕಾರಿನ ಮೇಲೆ ಮೆತ್ತನೆಯ ಹಣ್ಣಿನ ಬದಲು ಹಾಲು ಸುರಿಸುವ ಗಟ್ಟಿ ಕಾಯಿ ಬೀಳುತ್ತದೆ, ಅದನ್ನು ತಿನ್ನಲು ಹಕ್ಕಿಯೂ ಬರುವುದಿಲ್ಲ, ಗುಡಿಸುವ ಕೆಲಸ ನಿಮ್ಮದೇ. ಮೂರು, ಮುಂದಿನ ಬೆಳೆಗೆ ಕಣಜ ಬೇರೆ ಮರದಿಂದ ಬರುತ್ತದೆ. ಇದರ ಹತ್ತಿರದ ಸಂಬಂಧಿ, ಆಫ್ರಿಕದ ಅತ್ತಿಯ ಕಣಜ, ನಮೀಬಿಯಾದ ಮರುಭೂಮಿಯಲ್ಲಿ ಗಾಳಿಯ ಮೇಲೆ ಸುಮಾರು 160 ಕಿ.ಮೀ. ಹೋಗುವುದು 2009ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿಯಿತು. ಪುಣೆಯ ನದಿದಂಡೆ, ನಾಲೆ, ಗುಡಿಗಳ ಸುತ್ತ ಉಂಬರ್‌ಗೆ ಬರವಿಲ್ಲ. ಇನ್ನು ಹೊರಗಿನಿಂದ ಹೊಡೆಯುವ ಸ್ಪ್ರೇ ಮುಚ್ಚಿದ ಕಾಯಿಯ ಒಳಗೆ ಹೋಗುವುದೇ ಇಲ್ಲ, ಸಾಯುವುದು ಇರುವೆ ಮತ್ತು ಜೇಡ.

ಕಡಿಯುವುದು ಕಮಿಟಿಯ ಠರಾವಿನಿಂದ ಆಗುವ ಕೆಲಸವಲ್ಲ. ಮಹಾರಾಷ್ಟ್ರದ ನಗರ ಪ್ರದೇಶದ ವೃಕ್ಷ ಸಂರಕ್ಷಣಾ ಕಾಯ್ದೆ 1975ರದು. ಖಾಸಗಿ ಜಾಗದ ಮರವಾದರೂ ಮಹಾನಗರಪಾಲಿಕೆಯ ವೃಕ್ಷ ಪ್ರಾಧಿಕಾರದ ಅನುಮತಿ ಬೇಕು. 2021ರ ತಿದ್ದುಪಡಿಯಲ್ಲಿ 50 ವರ್ಷ ಮತ್ತು ಮೇಲ್ಪಟ್ಟ ಮರಗಳಿಗೆ ಪಾರಂಪರಿಕ ಮರವೆಂಬ ಹೆಚ್ಚಿನ ರಕ್ಷಣೆ ಬಂದಿದೆ, ನಿಮ್ಮ ಮರದ ವಯಸ್ಸು ಎಷ್ಟೆಂದು ಹಳಬರನ್ನು ಕೇಳಿ. ಕೊಂಬೆ ಸವರಿಸಲೂ ಪಾಲಿಕೆಯ ಉದ್ಯಾನ ವಿಭಾಗಕ್ಕೆ ಅರ್ಜಿ ಕೊಟ್ಟೇ ಮಾಡಿಸಿ. ಬೇರು ನೀರಿನ ಟಾಕಿಗೋ ಡ್ರೈನೇಜಿಗೋ ನುಗ್ಗಿದ್ದರೆ ಅದು ನಿಜವಾದ ದೂರು, ಅದಕ್ಕೆ ಬೇರೆ ಅರ್ಜಿ. ಹುಳದ ಹೆಸರಿನಲ್ಲಿ ಅದನ್ನು ಸೇರಿಸಿದರೆ ಎರಡೂ ಕೆಡುತ್ತವೆ.

ಹಾಗಾದರೆ ಮಾಡುವುದೇನು? ಪಾರ್ಕಿಂಗ್ ಮೇಲಿನ ಭಾಗಕ್ಕೆ ಕಾರಿಗಿಂತ ತುಸು ಎತ್ತರದಲ್ಲಿ ನರ್ಸರಿಯವರು ಬಳಸುವ ಹಸಿರು ಶೇಡ್ ನೆಟ್ ಕಟ್ಟಿಸಿ. ಒಂದು ಕಡೆ ಇಳಿಜಾರು ಇರಲಿ, ಹಣ್ಣು ಉರುಳಿ ಒಂದು ಮೂಲೆಗೆ ಬರಲಿ. ಮಟ್ಟಸವಾಗಿ ಕಟ್ಟಿದರೆ ನಡುವೆ ಜೋತುಬಿದ್ದು, ಹಣ್ಣು ಅಲ್ಲೇ ಕೊಳೆತು, ನಿಮ್ಮ ತಲೆಯ ಮೇಲೆ ರಸ ತೊಟ್ಟಿಕ್ಕುತ್ತದೆ. ಬಹಳ ಕಡೆ ನೆಟ್ ಸೋಲುವುದು ಹೀಗೆಯೇ. ಹಣ್ಣು ಬೀಳುವ ದಿನಗಳಲ್ಲಿ ದಿನಕ್ಕೆರಡು ಸಲ ಗುಡಿಸಬೇಕು. ಜನ ‘ಅತ್ತಿ ಹುಳ’ ಎಂದು ದೂರುವುದರಲ್ಲಿ ಅರ್ಧ ವಾಸ್ತವದಲ್ಲಿ ಬಿದ್ದ ಹಣ್ಣಿಗೆ ಮುತ್ತುವ ಹಣ್ಣುನೊಣ. ಗುಡಿಸಿದ್ದನ್ನು ಒಂದು ಪಾಲಿಗೆ ಎರಡು ಪಾಲು ಒಣ ಎಲೆ ಸೇರಿಸಿ ಗೊಬ್ಬರದ ಗುಂಡಿಗೆ ಹಾಕಿ. ಒಣ ಎಲೆ ಕಡಿಮೆಯಾದರೆ ಹುಳಿ ವಾಸನೆ ಬಂದು ಮತ್ತೆ ನೊಣ.

ಕಾರಿನ ಮೇಲೆ ನೇರ ಬಾಗಿದ ಒಂದೆರಡು ಕೊಂಬೆಯ ಕಾಯಿಯನ್ನು ಕೈಯಿಂದ ತೆಗೆಸುವುದೂ ಆಗುತ್ತದೆ. ಬಟಾಣಿಯಿಂದ ಸಣ್ಣ ನಿಂಬೆ ಗಾತ್ರದೊಳಗೆ ತೆಗೆಸಿ. ಮಚ್ಚಿನಿಂದ ಕೆರೆಯಿಸಬೇಡಿ. ಕಾಯಿ ಬರುವ ಜಾಗದ ತೊಗಟೆ ಗಾಯವಾದರೆ ಅಲ್ಲಿಂದ ಕೊಳೆತ ಶುರುವಾಗುತ್ತದೆ. ಬಾಯಿ ಇನ್ನೂ ಬಿಗಿಯಿರುವ ಎಳೆಕಾಯಿಯೊಳಗೆ ಪರಾಗ ಹೊರುವ ಕಣಜ ಹೊಕ್ಕಿರುವುದಿಲ್ಲ, ಅತ್ತಿಕಾಯಿ ಪಲ್ಯ ಮಾಡುವ ಮನೆಗಳಿಗೆ ಅದನ್ನೇ ಕೊಡಬಹುದು. ಕಿಟಕಿಗೆ ಸೊಳ್ಳೆಪರದೆ ಹಾಕಿಸಿ ಮೋಸ ಹೋಗಬೇಡಿ. ಸಾಮಾನ್ಯ ಪರದೆಯ ಕಣ್ಣು ಒಂದು ಮಿ.ಮೀ. ದಾಟಿರುತ್ತದೆ, ಈ ಹುಳದ ಮೈ ಅದಕ್ಕಿಂತ ಸಪೂರ. ಆ ವಾರ ಮರದ ಕಡೆಯ ಕಿಟಕಿಯನ್ನು ಬೆಳಗಿನ ಹೊತ್ತು ಮುಚ್ಚಿ, ಅಡುಗೆಗೆ ಮುಚ್ಚಳ ಹಾಕಿ, ಗಾಜಿನ ಮೇಲಿನದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಬರುವುದು ಅದರ ಸಾವಿನ ದಿನವೇ, ಸಂತಾನ ಬೆಳೆಯುವುದಿಲ್ಲ.

ಸಪ್ತಪರ್ಣಿಯ ಗುಳ್ಳೆಗೆ ಅತ್ತಿಯ ಕಣಜವನ್ನು ಬೈಯಬೇಡಿ. ಅತ್ತಿಯ ಕಣಜ ಗಂಟು ಮಾಡುವುದು ಅತ್ತಿಯ ಹೂವಿನಲ್ಲಿ ಮಾತ್ರ, ಎಲೆ ಅದಕ್ಕೆ ಬೇಡ. ಸಪ್ತಪರ್ಣಿಯದು ಪೌರೋಪ್ಸಿಲ್ಲಾ ಟ್ಯೂಬರ್ಕ್ಯುಲೇಟಾ ಎಂಬ ರಸ ಹೀರುವ ಜಿಗಿಹುಳ. ಹೊಂಗೆ ಎಲೆಯ ಮೊಡವೆಗಳು ನುಸಿಯ ಕೆಲಸ. ಬೇಲಿಗೆ ಹಚ್ಚುವ ಫೈಕಸ್‌ನ ಎಲೆ ದೋಣಿಯಂತೆ ಮಡಚಿಕೊಂಡರೆ ಅದು ಥ್ರಿಪ್ಸ್ ಎಂಬ ಸಣ್ಣ ರಸಹೀರುವ ಕೀಟ. ಹಾಲವಾಣ ಮತ್ತು ನೀಲಗಿರಿಯ ಚಿಗುರಿನ ಗಂಟು ಮಾತ್ರ ಕಣಜಗಳದು, ಆದರೆ ಅವುಗಳ ಜಾತಿಯೇ ಬೇರೆ, ಅತ್ತಿಗೂ ಅವಕ್ಕೂ ಕೊಡುಕೊಳ್ಳುವಿಕೆಯಿಲ್ಲ. ಗುಳ್ಳೆಯೊಂದನ್ನು ಬ್ಲೇಡಿನಿಂದ ಕೊಯ್ದು ನೋಡಿ, ಒಳಗೆ ಚಪ್ಪಟೆ ಮರಿ ಕೂತಿದ್ದರೆ ಇನ್ನೂ ಜೀವಂತ, ಬಾಯಿ ತೆರೆದು ಖಾಲಿಯಾಗಿದ್ದರೆ ಹುಳ ಹೋಗಿಯಾಗಿದೆ, ಯಾವ ಔಷಧವೂ ಆ ಎಲೆಯನ್ನು ನಯ ಮಾಡುವುದಿಲ್ಲ. ದೊಡ್ಡ ಮರ ಇದರಿಂದ ಸಾಯುವುದಿಲ್ಲ. ಉದುರಿದ ಗುಳ್ಳೆ ಎಲೆಗಳನ್ನು ಬುಡದಲ್ಲಿ ಬಿಡದೆ ತೆಗೆಸುತ್ತಿರಿ, ಸಾಕು.

ಅತ್ತೆಯವರ ಮಾತಿಗೆ ಬರೋಣ. ಜೈನ ಆಚಾರದಲ್ಲಿ ಬಿಡಬೇಕಾದ ಐದು ಉದುಂಬರ ಫಲಗಳಲ್ಲಿ ಅತ್ತಿ, ಆಲ, ಅರಳಿ ಇವೆ. ಅತ್ತಿಯ ಮಟ್ಟಿಗೆ ಅವರ ಎಚ್ಚರ ಪೂರ್ತಿ ಸರಿ. ಮಾಗಿದ ಪ್ರತಿ ಅತ್ತಿ ಹಣ್ಣಿನಲ್ಲೂ ಸತ್ತ ಗಂಡುಗಳು, ಖಾಲಿ ಗಂಟುಗಳು ಇದ್ದೇ ಇರುತ್ತವೆ. ಅತ್ತಿ ಹಣ್ಣು ಒಡೆದರೆ ಹುಳ ಎಂಬ ಮಾತು ಸುಮ್ಮನೆ ಬಂದದ್ದಲ್ಲ.

ಅಂಜೂರದ ಕಥೆ ಬೇರೆ. ಅದರ ಜಾತಿ ಫೈಕಸ್ ಕ್ಯಾರಿಕಾ, ಅದರ ಕಣಜ ಬ್ಲಾಸ್ಟೋಫಾಗಾ ಪ್ಸೀನಸ್. ಸಾಸ್ವಡ, ಪುರಂದರ ಕಡೆಯ ತೋಟಗಳಲ್ಲಿರುವ ಪೂನಾ ಅಂಜೂರ ಪರಾಗಸ್ಪರ್ಶವೇ ಇಲ್ಲದೆ ಹಣ್ಣಾಗುವ ತಳಿ, ಅಲ್ಲಿ ಕಣಜಕ್ಕೆ ಕೆಲಸವಿಲ್ಲ. 2016ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಪುರಂದರ ಅಂಜೂರವನ್ನು ನೀವು ರಸ್ತೆ ಬದಿಯ ಬುಟ್ಟಿಯಿಂದ ತಂದು ಸೀಳಿದರೆ ಅತ್ತಿಯಲ್ಲಿ ಕಂಡ ಕಣಜದ ಗಂಟು ಅದರಲ್ಲಿ ಕಾಣುವುದಿಲ್ಲ. ಬಾಯಿ ತೆರೆದು ಹುಳಿ ಬಂದ ಹಣ್ಣಿನೊಳಗೆ ನೊಣದ ಮರಿ, ಸಣ್ಣ ದುಂಬಿ ಇರಬಹುದು, ಅದು ಬೇರೆ ಮಾತು. ಟರ್ಕಿಯ ಸ್ಮಿರ್ನಾ ಬಗೆಯ ಒಣ ಅಂಜೂರಕ್ಕೆ ಮಾತ್ರ ಕಣಜ ಬೇಕೇ ಬೇಕು. ಆ ಹೆಣ್ಣು ಕಾಯಿಯೊಳಗೆ ಹೊಕ್ಕ ಕಣಜಕ್ಕೆ ಮೊಟ್ಟೆ ಇಡಲಾಗದು, ಶಲಾಕೆಗಳೆಲ್ಲ ಉದ್ದ. ಪರಾಗ ಹಚ್ಚಿ ಅಲ್ಲೇ ಸಾಯುತ್ತದೆ. ‘ಹಣ್ಣಿನ ಕಿಣ್ವ ಹುಳವನ್ನು ಪೂರ್ತಿ ಕರಗಿಸಿಬಿಡುತ್ತದೆ’ ಎಂದು ಓಡಾಡುವ ಮಾತು ಅರ್ಧ ಸತ್ಯ. ಫೈಸಿನ್ ಕಿಣ್ವ ಪ್ರೋಟೀನನ್ನು ಒಡೆಯುತ್ತದೆ, ಹುಳದ ಹೊರಕವಚದ ಕೈಟಿನ್ ಅದಕ್ಕೆ ಬಗ್ಗುವುದಿಲ್ಲ. ಹಲ್ಲಿಗೆ ಕರಕರ ಸಿಗುವುದು ಮಾತ್ರ ಬೀಜವೇ. ಹುಳ ಇದೆಯೋ ಇಲ್ಲವೋ ಎಂಬುದಕ್ಕೆ ನನ್ನಲ್ಲಿ ಉತ್ತರವಿದೆ. ವ್ರತ ಹುಳದ್ದೋ ಹಣ್ಣಿನ ಕುಲದ್ದೋ ಎಂಬುದನ್ನು ಅತ್ತೆಯವರೇ ಹೇಳಬೇಕು.

ಹೀಗಾಗಿ ನಿಮ್ಮ ಕುಂಡಕ್ಕೆ ಗಂಡು ಗಿಡ ಬೇಡ, ದುಡ್ಡು ಉಳಿಸಿ. ಹಾರದ ಸಲಹೆಗೆ ಒಂದು ಬೇರು ಉಂಟು. ಟರ್ಕಿಯಲ್ಲಿ ಕಾಡು ಅಂಜೂರದ ಗಂಡು ಕಾಯಿಗಳನ್ನು ನಿಜಕ್ಕೂ ಪೋಣಿಸಿ ಹೆಣ್ಣು ಮರಕ್ಕೆ ನೇತುಹಾಕುತ್ತಾರೆ. ಅಲ್ಲಿ ಹೊರಬರುವುದು ಬ್ಲಾಸ್ಟೋಫಾಗಾ. ಉಂಬರ್ ಹಾರದಿಂದ ಹೊರಬರುವ ಸೆರಟೊಸೋಲೆನ್‌ಗೆ ನಿಮ್ಮ ಅಂಜೂರದ ವಾಸನೆ ಮನೆಯ ವಾಸನೆಯಲ್ಲ, ಬಂದರೂ ಉಪಯೋಗವಿಲ್ಲ. ಬಾಲ್ಕನಿ ತುಂಬ ಹುಳವಾಗಿ ಅತ್ತೆಯವರ ಸಿಟ್ಟು ಹೆಚ್ಚಾದೀತು.

ಕಾಯಿ ಉದುರುವುದಕ್ಕೆ ಬೇರೆ ಕಾರಣ ಹುಡುಕಿ. ನನ್ನ ಮೊದಲ ಅನುಮಾನ ನೀರಿನ ಮೇಲೆ. ಎರಡು ದಿನ ಒಣಗಿಸಿ ಮೂರನೇ ದಿನ ಬಕೆಟ್ ಸುರಿದರೆ ಅಂಜೂರ ಮೊದಲು ಬಿಡುವುದೇ ಕಾಯನ್ನು. ಬೆರಳನ್ನು ಎರಡು ಗೆಣ್ಣು ಮಣ್ಣಿಗೆ ಇಳಿಸಿ, ತುದಿಗೆ ತೇವ ತಾಕಿದರೆ ನೀರು ಬೇಡ. ಕುಂಡ 45-50 ಲೀಟರಿಗಿಂತ ಚಿಕ್ಕದಿದ್ದರೆ ಬದಲಿಸಿ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಕಳಿತ ಗೊಬ್ಬರ, ಒಂದು ಪಾಲು ದಪ್ಪ ಮರಳು. ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೀಳದ ಬಾಲ್ಕನಿಯಲ್ಲಿ ಎಲೆ ಬರುತ್ತದೆ, ಹಣ್ಣು ಬರುವುದಿಲ್ಲ. ಯೂರಿಯಾ ಹಾಕಿದರೂ ಅದೇ ಪಾಡು. ಕುಂಡ ಬದಲಿಸುವಾಗ ಬೇರು ನೋಡಿ. ಸಾಸಿವೆ, ಬಟಾಣಿ ಗಾತ್ರದ ಗಂಟುಗಳಿದ್ದರೆ ಅದು ಮಣ್ಣಿನ ಸೂಕ್ಷ್ಮ ಜಂತುಹುಳದ ಬೇರುಗಂಟು, ಎಷ್ಟು ನೀರು ಕೊಟ್ಟರೂ ಗಿಡ ಬಾಡಿದಂತೆಯೇ ಇರುತ್ತದೆ. ಆ ಮಣ್ಣನ್ನು ಬೇರೆ ಕುಂಡಕ್ಕೆ ಬಳಸಬೇಡಿ, ಹೊಸ ಮಣ್ಣಿಗೆ ಸುಮಾರು 200 ಗ್ರಾಂ ಬೇವಿನ ಹಿಂಡಿ ಸೇರಿಸಿ.

ಮಳೆಗಾಲದಲ್ಲಿ ಎಲೆಯ ಕೆಳಗೆ ಕಂದು ಪುಡಿ ಕಂಡರೆ ತುಕ್ಕು ರೋಗ, ಇಲ್ಲಿಯ ರೈತರ ‘ತಾಂಬೇರಾ’. ಎಲೆ ಉದುರಿದ ಗಿಡ ಕಾಯನ್ನು ಹಿಡಿದಿಡಲಾರದು. ಒಂದು ಕುಂಡಕ್ಕೆ ಒಂದು ಲೀಟರ್ ಬೋರ್ಡೋ ದ್ರಾವಣ ಸಾಕು. 10 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ, 10 ಗ್ರಾಂ ಸುಣ್ಣವನ್ನು ಇನ್ನರ್ಧ ಲೀಟರಿನಲ್ಲಿ, ಪ್ಲಾಸ್ಟಿಕ್ ಪಾತ್ರೆಗಳಲ್ಲೇ ಬೇರೆ ಬೇರೆ ಕರಗಿಸಿ. ತುತ್ತದ ನೀರನ್ನು ನಿಧಾನ ಸುಣ್ಣಕ್ಕೆ ಹೊಯ್ಯುತ್ತ ಕಲಕಿ. ಹೊಳೆಯುವ ಕಬ್ಬಿಣದ ಮೊಳೆಯನ್ನು ಒಂದು ನಿಮಿಷ ಅದ್ದಿ ನೋಡಿ, ಕೆಂಪು ಲೇಪ ಹತ್ತಿದರೆ ಇನ್ನಷ್ಟು ಸುಣ್ಣ ಬೇಕು, ಹಾಗೇ ಹೊಡೆದರೆ ಎಲೆ ಸುಡುತ್ತದೆ. ಮಾಡಿದ ದಿನವೇ ಹೊಡೆಯಬೇಕು, ಹಣ್ಣು ಮಾಗುವಾಗ ಹೊಡೆಯಬಾರದು.

ಮಳೆ ನಿಂತ ಮೇಲೆ, ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರಿನಲ್ಲಿ, ಹೋದ ವರ್ಷದ ಕೊಂಬೆಗಳನ್ನು ಎರಡು ಮೂರು ಕಣ್ಣು ಉಳಿಸಿ ಸವರಿ. ಕಾಯಿ ಬರುವುದು ಹೊಸ ಚಿಗುರಿನ ಎಲೆ ಕಂಕುಳಲ್ಲಿ, ಅಲ್ಲಿಂದ ಹಣ್ಣಿಗೆ ನಾಲ್ಕೈದು ತಿಂಗಳು. ಇದೇ ಇಲ್ಲಿಯವರ ಮೀಠಾ ಬಹಾರ್ (ಸಿಹಿ ಹಂಗಾಮು), ಮಳೆಗಾಲದ ಖಟ್ಟಾ ಬಹಾರಿಗಿಂತ ಸಿಹಿ. ಸವರುವ ಕೆಲಸ ಸಂಜೆ ಇಟ್ಟುಕೊಳ್ಳಿ, ಕೈಗವಸು ಹಾಕಿಕೊಳ್ಳಿ. ಅಂಜೂರದ ಹಾಲು ತಾಗಿದ ಚರ್ಮಕ್ಕೆ ಬಿಸಿಲು ಬಿದ್ದರೆ ಒಂದೆರಡು ದಿನದಲ್ಲಿ ಬೊಬ್ಬೆ ಏಳುತ್ತದೆ, ಅದರ ಕಪ್ಪು ಕಲೆ ಹೋಗಲು ವಾರಗಟ್ಟಲೆ ಬೇಕು.